ಗಟ್ಟಿ ಹಾಸಿಗೆ ಎಂದರೆ ಎಷ್ಟು ಗಟ್ಟಿ?

ಫಜ್ರ್ ನಮಾಝಿನ ರುಕೂಗೆ ಬಾಗುವಾಗ ಸೊಂಟ ಹಿಡಿದುಕೊಳ್ಳುತ್ತದೆಯೇ? ಝುಹರ್ ಹೊತ್ತಿಗೆ ಅದೇ ಸೊಂಟ ಸಲೀಸಾಗಿ ಬಾಗುತ್ತದೆಯೇ? ಹಾಗಿದ್ದರೆ ನೀವು ರಾತ್ರಿ ಮಲಗುವ ಹಾಸಿಗೆಯ ಮೇಲೆ ಒಮ್ಮೆ ಅನುಮಾನ ಪಡಬಹುದು. ಶಿರಸಿ ತಾಲ್ಲೂಕಿನ ದಾಸನಕೊಪ್ಪದಂಥ ಊರುಗಳಲ್ಲಿ ಗದ್ದೆ, ತೋಟ, ಕೂಲಿ ಎಂದು ಹಗಲೆಲ್ಲ ಬೆನ್ನು ಬಗ್ಗಿಸಿ ದುಡಿಯುವವರೇ ಹೆಚ್ಚು. ಬೆನ್ನು ನೋವು ಬಂದಾಗ ಇವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "ಗಟ್ಟಿ ಹಾಸಿಗೆಯ ಮೇಲೆ ಮಲಗಿ." ಕೆಲವರು ಇದನ್ನು ಕೇಳಿ ಹಲಗೆಯ ಮೇಲೆ ಚಾಪೆ ಹಾಸಿ ಮಲಗುತ್ತಾರೆ. ಇನ್ನು ಕೆಲವರು ಪೇಟೆಗೆ ಹೋಗಿ ಅಂಗಡಿಯವರು ತೋರಿಸಿದ ದುಬಾರಿ ಲೇಟೆಕ್ಸ್ ಹಾಸಿಗೆ ತರುತ್ತಾರೆ. ಎರಡೂ ಕಡೆ ನಿರಾಶೆಯಾಗುವ ಸಾಧ್ಯತೆ ಇದೆ. ಏಕೆಂದರೆ 'ಗಟ್ಟಿ' ಎಂದರೆ ಎಷ್ಟು ಗಟ್ಟಿ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ.

ಬೆನ್ನಿಗೆ ಬೇಕಾದದ್ದೇನು?

ನಮ್ಮ ಬೆನ್ನುಮೂಳೆ ನೆಟ್ಟಗಿನ ಕೋಲಲ್ಲ. ಕುತ್ತಿಗೆಯಲ್ಲಿ ಒಂದು ಬಾಗು, ಸೊಂಟದಲ್ಲಿ ಒಂದು ಬಾಗು ಅದಕ್ಕೆ ಸಹಜವಾಗಿಯೇ ಇದೆ. ಮಲಗಿದಾಗಲೂ ಆ ಬಾಗು ಹಾಗೆಯೇ ಉಳಿದರೆ ಸ್ನಾಯುಗಳಿಗೆ ವಿಶ್ರಾಂತಿ ಸಿಗುತ್ತದೆ. ಹಲಗೆಯಂಥ ಹಾಸಿಗೆಯ ಮೇಲೆ ಭುಜ ಮತ್ತು ಪೃಷ್ಠ ಮಾತ್ರ ತಾಗುತ್ತವೆ, ಸೊಂಟದ ಕೆಳಗೆ ಟೊಳ್ಳು ಉಳಿಯುತ್ತದೆ. ಆ ಸೊಂಟವನ್ನು ಸ್ನಾಯುಗಳೇ ರಾತ್ರಿಯೆಲ್ಲ ಎತ್ತಿ ಹಿಡಿದಿರಬೇಕಾಗುತ್ತದೆ. ತೀರಾ ಮೆತ್ತಗಿನ ಹಾಸಿಗೆಯಲ್ಲಿ ಪೃಷ್ಠ ಕುಸಿದು ಬೆನ್ನು ತೊಟ್ಟಿಲಂತೆ ಬಾಗುತ್ತದೆ. ಭುಜ ಮತ್ತು ಪೃಷ್ಠವನ್ನು ತುಸು ಒಳಗೆ ಬಿಟ್ಟುಕೊಂಡು, ಸೊಂಟಕ್ಕೆ ಕೆಳಗಿನಿಂದ ಆಸರೆ ಕೊಡುವುದೇ ಒಳ್ಳೆಯ ಹಾಸಿಗೆ.

ಈ ವಿಷಯದಲ್ಲಿ ಹೆಚ್ಚು ಉಲ್ಲೇಖಿಸಲ್ಪಡುವ ಅಧ್ಯಯನವೊಂದು 2003ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಸ್ಪೇನ್ ದೇಶದಲ್ಲಿ ದೀರ್ಘಕಾಲದ ಸೊಂಟ ನೋವಿದ್ದ 313 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಗಟ್ಟಿ ಹಾಸಿಗೆ, ಇನ್ನೊಂದಕ್ಕೆ ಮಧ್ಯಮ ಗಟ್ಟಿಯ ಹಾಸಿಗೆ ಕೊಡಲಾಯಿತು. ಯಾರಿಗೆ ಯಾವುದು ಸಿಕ್ಕಿದೆ ಎಂದು ಅವರಿಗೆ ತಿಳಿಸಿರಲಿಲ್ಲ. 90 ದಿನಗಳ ನಂತರ ನೋಡಿದಾಗ, ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೆ ಮಲಗಿದಾಗಿನ ನೋವೂ ಏಳುವಾಗಿನ ನೋವೂ ಹೆಚ್ಚು ಕಡಿಮೆಯಾಗಿತ್ತು. ಅಲ್ಲಿ ಹೋಲಿಸಿದ್ದು ಗಟ್ಟಿತನವನ್ನೇ ಹೊರತು ಲೇಟೆಕ್ಸ್, ನಾರು, ಹತ್ತಿ ಎಂಬ ವಸ್ತುಗಳನ್ನಲ್ಲ ಎಂಬುದನ್ನು ನೆನಪಿಡಿ. ಅಂದರೆ ಲೇಟೆಕ್ಸ್ ಎಂಬ ಹೆಸರು ನಿಮ್ಮ ಬೆನ್ನನ್ನು ಕಾಯುವುದಿಲ್ಲ. ಅದು ನಿಮ್ಮ ಮೈಗೆ ಹೊಂದುವಷ್ಟು ಗಟ್ಟಿ ಇದ್ದರೆ ಮಾತ್ರ ಕಾಯುತ್ತದೆ.

ಲೇಟೆಕ್ಸ್ ಎಂದರೇನು?

ರಬ್ಬರ್ ಮರದ ತೊಗಟೆ ಕೆತ್ತಿದಾಗ ಸುರಿಯುವ ಬಿಳಿ ಹಾಲೇ ಲೇಟೆಕ್ಸ್. ನಮ್ಮ ರಾಜ್ಯದಲ್ಲಿ ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ರಬ್ಬರ್ ತೋಟಗಳಿವೆ. ಹಾಲಿನಲ್ಲಿರುವ ರಬ್ಬರಿನ ಅಂಶ ಸುಮಾರು ಮೂರನೇ ಒಂದು ಭಾಗ. ಅದನ್ನು ಯಂತ್ರದಲ್ಲಿ ತಿರುಗಿಸಿ ನೀರು ತೆಗೆದು 60 ಶೇಕಡದಷ್ಟು ಗಟ್ಟಿ ಮಾಡುತ್ತಾರೆ. ಮೊಟ್ಟೆ ಕಡೆದಂತೆ ಗಾಳಿ ಸೇರಿಸಿ ನೊರೆ ಬರಿಸಿ, ಅಚ್ಚಿಗೆ ಹೊಯ್ದು, ಗಂಧಕದ ಸಹಾಯದಿಂದ ಬಿಸಿಯಲ್ಲಿ ಬೇಯಿಸುತ್ತಾರೆ. ಅಚ್ಚಿನೊಳಗಿನ ಕಡ್ಡಿಗಳಿಂದಾಗಿಯೇ ಲೇಟೆಕ್ಸ್ ಹಾಸಿಗೆಯಲ್ಲಿ ಸಾಲು ಸಾಲು ತೂತು ಕಾಣುತ್ತದೆ. ಈ ವಿಧಾನವನ್ನು 1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯಲ್ಲಿ ಕಂಡುಹಿಡಿದರು. ಹಿರಿಯರು 'ಡನ್ಲಪ್ ಗಾದಿ' ಎನ್ನುವುದು ಇದರಿಂದಲೇ ಬಂದದ್ದು.

ಲೇಟೆಕ್ಸಿನ ಒಳ್ಳೆಯ ಗುಣವೆಂದರೆ, ಒತ್ತಿದಲ್ಲಿ ತಗ್ಗಿ ಕೈ ತೆಗೆದೊಡನೆ ಮೊದಲಿನಂತಾಗುವುದು. ಹೀಗಾಗಿ ಮಗ್ಗುಲು ಬದಲಾಯಿಸುವುದು ಸುಲಭ. ಮಂಡಿ ನೋವಿರುವ ದಾದಿ, ದಾದಾ ಅವರಿಗೂ ಎದ್ದೇಳಲು ಅನುಕೂಲ. ಒಳ್ಳೆಯ ಲೇಟೆಕ್ಸ್ ಬೇಗ ಗುಳಿ ಬೀಳುವುದಿಲ್ಲ. ಆದರೆ ಬೆಲೆ ನಾರಿನ ಹಾಸಿಗೆಗಿಂತ ಬಹಳ ಹೆಚ್ಚು, ಭಾರವೂ ಹೆಚ್ಚು.

ಅಂಗಡಿಯಲ್ಲಿ ಏನು ಕೇಳಬೇಕು?

'ಆರ್ಥೋಪೆಡಿಕ್' ಎಂದು ಬರೆದಿರುವುದಕ್ಕೆ ಮರುಳಾಗಬೇಡಿ. ಆ ಪದ ಅಚ್ಚಾದ ಮಾತ್ರಕ್ಕೆ ಮೂಳೆ ವೈದ್ಯರು ಅದನ್ನು ಪರೀಕ್ಷಿಸಿದ್ದಾರೆ ಎಂದಾಗುವುದಿಲ್ಲ.

'ಲೇಟೆಕ್ಸ್ ಹಾಸಿಗೆ' ಎಂದು ಮಾರುವುದರಲ್ಲಿ ಎಷ್ಟು ಇಂಚು ಲೇಟೆಕ್ಸ್ ಇದೆ ಎಂದು ಕೇಳಿ. ಮೇಲೆ ಒಂದು ಇಂಚು ಲೇಟೆಕ್ಸ್ ಇಟ್ಟು, ಕೆಳಗೆಲ್ಲ ಸಾಧಾರಣ ಫೋಮ್ ಅಥವಾ ನಾರು ತುಂಬಿದವೂ ಇರುತ್ತವೆ. ಅದು ಮೋಸ ಎಂದೇನಲ್ಲ, ಆದರೆ ಅದಕ್ಕೆ ಪೂರ್ತಿ ಲೇಟೆಕ್ಸಿನ ಬೆಲೆ ಕೊಡಬಾರದು. ಹೊದಿಕೆಯ ಜಿಪ್ ತೆಗೆದು ತೋರಿಸಲು ಹೇಳಿ. ತೂಕವೂ ಒಂದು ಸುಳಿವು. ಲೇಟೆಕ್ಸಿನ ಸಾಂದ್ರತೆ, ಅಂದರೆ ಡೆನ್ಸಿಟಿ, ಸಾಮಾನ್ಯವಾಗಿ ಘನ ಮೀಟರಿಗೆ 65ರಿಂದ 95 ಕಿಲೋ. ಈ ಲೆಕ್ಕದಲ್ಲಿ 6 ಅಡಿ ಉದ್ದ, 5 ಅಡಿ ಅಗಲ, 6 ಇಂಚು ದಪ್ಪದ ಪೂರ್ತಿ ಲೇಟೆಕ್ಸ್ ಹಾಸಿಗೆ 28ರಿಂದ 40 ಕಿಲೋ ತೂಗಬೇಕು. ಒಬ್ಬರೇ ಸಲೀಸಾಗಿ ಹೆಗಲಿಗೇರಿಸಿಕೊಂಡು ಹೋಗುವಷ್ಟು ಹಗುರವಿದ್ದರೆ ಒಳಗೆ ಬೇರೇನೋ ಇದೆ.

ಡೆನ್ಸಿಟಿ ಮತ್ತು ಗಟ್ಟಿತನ ಒಂದೇ ಅಲ್ಲ ಎಂಬುದೂ ಗೊತ್ತಿರಲಿ. ಡೆನ್ಸಿಟಿ ಹೆಚ್ಚಿದ್ದರೆ ಬಾಳಿಕೆ ಹೆಚ್ಚು. ಎಷ್ಟು ಗಟ್ಟಿ ಎಂಬುದನ್ನು ನಿಮ್ಮ ಬೆನ್ನೇ ಹೇಳಬೇಕು.

ಮಲಗಿಯೇ ನೋಡಿ

ಕೈಯಿಂದ ಒತ್ತಿ ಅಥವಾ ಅಂಚಿನಲ್ಲಿ ಕುಳಿತು ಹಾಸಿಗೆಯನ್ನು ಅಳೆಯಲಾಗದು. ನೀವು ಮನೆಯಲ್ಲಿ ಹೇಗೆ ಮಲಗುತ್ತೀರೋ ಹಾಗೆಯೇ 10–15 ನಿಮಿಷ ಮಲಗಬೇಕು.

ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಕೈ ಸಡಿಲವಾಗಿ ಆಚೆ ಈಚೆ ಓಡಾಡಿದರೆ ಹಾಸಿಗೆ ನಿಮಗೆ ಅತಿ ಗಟ್ಟಿ. ಕೈ ತೂರಿಸಲೇ ಕಷ್ಟವಾದರೆ ಅತಿ ಮೆತ್ತಗೆ. ಮೈಗೂ ಹಾಸಿಗೆಗೂ ತಾಗಿಕೊಂಡು ಕೈ ಒಳಹೋದರೆ ಸರಿಯಾಗಿದೆ.

ಬಲ ಮಗ್ಗುಲಲ್ಲಿ ಮಲಗುವ ಸುನ್ನತ್ತಿನಿಂದಾಗಿ ನಮ್ಮಲ್ಲಿ ಮಗ್ಗುಲಾಗಿ ಮಲಗುವ ರೂಢಿ ಹಲವರಿಗಿದೆ. ಅಂಥವರು ಮಗ್ಗುಲಾಗಿಯೇ ಪರೀಕ್ಷಿಸಿ. ಜೊತೆಗಿರುವವರು ಹಿಂದಿನಿಂದ ನೋಡಲಿ. ಕುತ್ತಿಗೆಯಿಂದ ಬಾಲಮೂಳೆಯವರೆಗೆ ಬೆನ್ನು ನೇರ ಗೆರೆಯಂತಿರಬೇಕು. ಭುಜ ಒಳಗೆ ಹೋಗದೆ ತೋಳು ಜುಮ್ಮೆಂದರೆ ಆ ಹಾಸಿಗೆ ನಿಮಗೆ ಗಟ್ಟಿಯಾಯಿತು. ತುಂಬು ಗರ್ಭಿಣಿಯರಿಗೂ ಮಗ್ಗುಲಾಗಿ ಮಲಗಲು ವೈದ್ಯರು ಹೇಳುವುದರಿಂದ ಅವರಿಗೂ ಇದೇ ಮಾತು.

ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 50 ಕಿಲೋ ತೂಗುವವರಿಗೆ ಗಟ್ಟಿ ಎನಿಸುವ ಹಾಸಿಗೆ 90 ಕಿಲೋ ತೂಗುವವರಿಗೆ ಮೆತ್ತಗೆ ಎನಿಸುತ್ತದೆ. ಇಲ್ಲೇ ನಮ್ಮ ಮನೆಗಳಲ್ಲಿ ಒಂದು ತಪ್ಪು ನಡೆಯುತ್ತದೆ. ಹಾಸಿಗೆ ತರಲು ಹೋಗುವುದು ಗಂಡಸರು; ಸೊಂಟ ನೋವಿರುವುದು ಮನೆಯಲ್ಲಿ ಉಳಿದ ಹೆಂಗಸಿಗೆ. ಮದುವೆಗೆ ಕೊಡುವ ಮಂಚ, ಗಾದಿಯದ್ದೂ ಅದೇ ಕತೆ. ನೋಡುವವರ ಕಣ್ಣಿಗೆ ದಪ್ಪ ಕಾಣಲಿ ಎಂದು ಆರಿಸುತ್ತಾರೆ, ಮಲಗುವ ಹುಡುಗಿಯನ್ನು ಯಾರೂ ಕೇಳುವುದಿಲ್ಲ. ನಾಲ್ಕು ಜನರೆದುರು ಅಂಗಡಿಯಲ್ಲಿ ಮಲಗಲು ಹೆಣ್ಣುಮಕ್ಕಳಿಗೆ ಸಂಕೋಚವಾಗುವುದು ಸಹಜ. ಗಿರಾಕಿಗಳು ಕಡಿಮೆ ಇರುವ ಬೆಳಗಿನ ಹೊತ್ತು, ಮನೆಯ ಇನ್ನೊಬ್ಬ ಹೆಣ್ಣುಮಗಳ ಜೊತೆ ಹೋಗಿ. ಒಳಗಿನ ಕೋಣೆಯಲ್ಲಿ ತೋರಿಸಲು ಕೇಳಿ. ಅದೂ ಆಗದಿದ್ದರೆ ಅಂಥ ಹಾಸಿಗೆ ಇರುವ ನೆಂಟರ ಮನೆಯಲ್ಲಿ ಒಂದು ರಾತ್ರಿ ಮಲಗಿ ನೋಡಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ, ಹಿಡಿಸದಿದ್ದಾಗ ನಿಮ್ಮ ಊರಿಗೇ ಬಂದು ಒಯ್ಯುತ್ತಾರೆಯೇ, ಅದರ ಖರ್ಚು ಯಾರದು ಎಂದು ಮೊದಲೇ ಬರಹದಲ್ಲಿ ಪಡೆಯಿರಿ.

ಹೊಸದು ಕೊಳ್ಳುವ ಮೊದಲು

ಸಾಲ ಮಾಡಿ ಲೇಟೆಕ್ಸ್ ತರಬೇಕಾಗಿಲ್ಲ. ಮೊದಲು ಕೆಲವು ರಾತ್ರಿ ಮನೆಯಲ್ಲೇ ಬೇರೆ ಹಾಸಿಗೆಯಲ್ಲಿ ಮಲಗಿ. ನೋವು ಕಡಿಮೆಯಾದರೆ ತಪ್ಪು ಹಳೆಯ ಹಾಸಿಗೆಯದ್ದು ಎನ್ನಬಹುದು. ಮಂಚದ ಪಟ್ಟಿಗಳು ಬಾಗಿವೆಯೇ ನೋಡಿ. ಬಾಗಿದ್ದರೆ ಅವುಗಳ ಮೇಲೆ ತೂತು ಕೊರೆದ ಪ್ಲೈವುಡ್ ಹಾಕಿದರೆ ಹಳೆಯ ಹಾಸಿಗೆಯೇ ಸರಿಹೋಗಬಹುದು. ನೆಲ ಅಥವಾ ಹಲಗೆ ಗಟ್ಟಿ ಎನಿಸಿದರೆ ಎರಡು ಕೌದಿ ಹೆಚ್ಚಿಗೆ ಹಾಸಿ.

ಹತ್ತಿ ಗಾದಿಯನ್ನು ಕೀಳಾಗಿ ಕಾಣಬೇಡಿ. ಕಮಾನಿನಿಂದ ಹತ್ತಿ ಹಿಂಜಿ ಗಾದಿ ಕಟ್ಟುವುದು ನಮ್ಮ ಪಿಂಜಾರ, ನದಾಫ್ ಮನೆತನಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕಸುಬು. ಗಂಟುಗಟ್ಟಿದ ಗಾದಿಯನ್ನು ಬಿಚ್ಚಿ, ಹತ್ತಿ ಹಿಂಜಿಸಿ ಮತ್ತೆ ತುಂಬಿಸಿದರೆ ಮಧ್ಯಮ ಗಟ್ಟಿಯ ಒಳ್ಳೆಯ ಹಾಸಿಗೆಯಾಗುತ್ತದೆ. ತೆಂಗಿನ ನಾರಿಗೆ ಲೇಟೆಕ್ಸ್ ಸಿಂಪಡಿಸಿ ಒತ್ತಿ ಮಾಡಿದ ನಾರಿನ ಹಾಸಿಗೆಯೂ ಬೆಲೆಗೆ ತಕ್ಕ ಆಸರೆ ಕೊಡುತ್ತದೆ. ತುಸು ಗಟ್ಟಿ ಎನಿಸಿದರೆ ಮೇಲೆ ತೆಳು ಹತ್ತಿ ಗಾದಿ ಹಾಸಬಹುದು. ಇದನ್ನು ಮೂರು ತಿಂಗಳಿಗೊಮ್ಮೆ ತಲೆ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ.

ಮಲೆನಾಡಿನ ತೇವ ಮತ್ತು ಶುಚಿತ್ವ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗೋಡೆಯೂ ಬೆವರುತ್ತದೆ. ಲೇಟೆಕ್ಸ್ ಹಾಸಿಗೆಯನ್ನು ನೇರವಾಗಿ ನೆಲದ ಮೇಲೆ ಹಾಸಿದರೆ ಮೈಯ ಬೆವರು ಮತ್ತು ನೆಲದ ತಂಪು ಸೇರಿ ಅಡಿಯಲ್ಲಿ ಬೂಸ್ಟು ಹಿಡಿಯುತ್ತದೆ. ಪಟ್ಟಿಗಳ ಮಂಚದ ಮೇಲಿಡಿ. ಪಟ್ಟಿಗಳ ನಡುವಿನ ಸಂದು ಮೂರು ಇಂಚಿಗಿಂತ ಹೆಚ್ಚಿರಬಾರದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗೋಡೆಗೊರಗಿಸಿ ಗಾಳಿಯಾಡಲು ಬಿಡಿ.

ಮಳೆ ಮುಗಿದ ಮೇಲೆ ಹಾಸಿಗೆಗಳನ್ನೆಲ್ಲ ಅಂಗಳದ ಬಿಸಿಲಿಗೆ ಹಾಕುವುದು ನಮ್ಮ ರೂಢಿ. ಹತ್ತಿ ಗಾದಿಗೆ ಅದು ಒಳ್ಳೆಯದು. ಲೇಟೆಕ್ಸನ್ನು ಮಾತ್ರ ಬಿಸಿಲಿಗೆ ಹಾಕಬೇಡಿ. ಬಿಸಿಲು ತಾಗಿದ ಲೇಟೆಕ್ಸ್ ಹಳದಿಗಟ್ಟಿ, ಒಣಗಿ, ಪುಡಿಪುಡಿಯಾಗುತ್ತದೆ. ನೆರಳಿನ ಗಾಳಿಯೇ ಅದಕ್ಕೆ ಸಾಕು.

ಪುಟ್ಟ ಮಕ್ಕಳಿರುವ ಮನೆಯಲ್ಲಿ ಮೂತ್ರದ ಚಿಂತೆ ಇದ್ದೇ ಇದೆ. ಲೇಟೆಕ್ಸ್ ಸ್ಪಂಜಿನಂತೆ ಹೀರಿಕೊಳ್ಳುತ್ತದೆ; ಪಾಕ್ ಮಾಡುವುದೂ ಒಣಗಿಸುವುದೂ ಕಷ್ಟ. ಕೊಂಡ ದಿನವೇ ನೀರು ಇಳಿಯದ, ಒಗೆಯಲು ಬರುವ ಹೊದಿಕೆ ಹಾಕಿ. ಉಬ್ಬಸ, ಸೀನು ಇರುವವರ ಹಾಸಿಗೆ ಬಟ್ಟೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ರಬ್ಬರ್ ಕೈಗವಸು ಅಥವಾ ಬಲೂನಿನಿಂದ ತುರಿಕೆ, ದದ್ದು ಬರುವವರು ವೈದ್ಯರನ್ನು ಕೇಳದೆ ಲೇಟೆಕ್ಸ್ ಕೊಳ್ಳಬೇಡಿ.

ಒಂದು ವರ್ಷದೊಳಗಿನ ಕೂಸಿಗೆ ಮಧ್ಯಮ ಗಟ್ಟಿಯ ಮಾತು ಅನ್ವಯಿಸುವುದಿಲ್ಲ. ಕೂಸನ್ನು ಸಮತಟ್ಟಾದ, ತಗ್ಗು ಬೀಳದ ಗಟ್ಟಿ ಹಾಸಿನ ಮೇಲೆ, ದಿಂಬಿಲ್ಲದೆ, ಅಂಗಾತ ಮಲಗಿಸಬೇಕು. ಮೆತ್ತಗಿನ ಹಾಸಿಗೆಯಲ್ಲಿ ಮೂಗು ಮುಚ್ಚಿ ಉಸಿರುಗಟ್ಟುವ ಅಪಾಯವಿದೆ. ಹಾಸಿಗೆ ಹಿಡಿದ ರೋಗಿಗಳಿಗೂ ಲೇಟೆಕ್ಸ್ ಇದೆಯೆಂದು ಸುಮ್ಮನಿರಬೇಡಿ; ಹುಣ್ಣಾಗದಂತೆ ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸುತ್ತಿರಬೇಕು.

ಹಾಸಿಗೆಯಿಂದ ಗುಣವಾಗದ ನೋವು

ಯಾವ ಹಾಸಿಗೆಯೂ ಔಷಧಿಯಲ್ಲ. ಕೆಲವು ನೋವುಗಳಿಗೆ ಹಾಸಿಗೆ ಬದಲಿಸುತ್ತಾ ಕುಳಿತರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಕಾಲು ಜೋಮು ಹಿಡಿದು ಬಲ ಕುಂದಿದರೆ, ಮಲ ಮೂತ್ರದ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿದರೆ, ಎರಡು ತೊಡೆಗಳ ನಡುವೆ ಸ್ಪರ್ಶ ತಿಳಿಯದಂತಾದರೆ ಅಂದೇ ಆಸ್ಪತ್ರೆಗೆ ಹೋಗಿ. ಬೆನ್ನು ನೋವಿನ ಜೊತೆ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು, ಪರೀಕ್ಷೆ ಮಾಡಿಸಿ. ವಯಸ್ಸಾದವರು ಬಿದ್ದ ಮೇಲೆ ಶುರುವಾದ ನೋವನ್ನೂ ತೋರಿಸಬೇಕು.

ಮೇಲೆ ಹೇಳಿದ ಬೆಳಗಿನ ಬಿಗಿತದ ಬಗ್ಗೆಯೂ ಒಂದು ಎಚ್ಚರಿಕೆ. ನಲವತ್ತೈದರ ಒಳಗಿನವರಿಗೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಸೊಂಟ ನೋವಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇದ್ದು, ಓಡಾಡಿದರೆ ಕಡಿಮೆಯಾಗಿ, ರಾತ್ರಿಯ ಎರಡನೇ ಜಾವದ ನಂತರ ನೋವಿನಿಂದ ಎಚ್ಚರವಾಗುತ್ತಿದ್ದರೆ, ಅದು ಬೆನ್ನುಮೂಳೆಯ ಕೀಲುಗಳ ಉರಿಯೂತ ಆಗಿರಬಹುದು. ಇದಕ್ಕೆ ಚಿಕಿತ್ಸೆ ಇದೆ. ಬೇಗ ಶುರು ಮಾಡಿದಷ್ಟು ಒಳ್ಳೆಯದು.

ಇವು ಯಾವುವೂ ಇಲ್ಲದ ಸಾಮಾನ್ಯ ಸೊಂಟ ನೋವಾಗಿದ್ದರೆ ಹಗಲಿನ ನಡಿಗೆ, ಭಾರ ಎತ್ತುವಾಗ ಮಂಡಿ ಬಗ್ಗಿಸುವ ಅಭ್ಯಾಸ, ಅದರ ಜೊತೆಗೆ ಮೈಗೆ ಹೊಂದುವ ಹಾಸಿಗೆ ಸಾಕು. ಅದು ಲೇಟೆಕ್ಸೇ ಇರಲಿ, ನಾರೇ ಇರಲಿ, ಹಿಂಜಿದ ಹತ್ತಿಯೇ ಇರಲಿ, ಬೆಲೆಯ ಚೀಟಿ ನೋಡುವ ಮೊದಲು ಸೊಂಟದ ಕೆಳಗೆ ಕೈ ತೂರಿಸಿ ನೋಡಿ.