ಹೆಸರು ಕೋಟೆ, ಕೆಲಸ ಜೀವ ಉಳಿಸೋದು!

ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ಊರಿನ ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಹೆಸರಿಗೆ ಕೋಟೆ. ಬುರುಜು, ಕಂದಕ ಅಂದುಕೊಳ್ಳಬೇಡಿ. ದಂಡಿನ ನೆಲೆ ಅಷ್ಟೆ. 1876ರಲ್ಲಿ ಕಟ್ಟಲು ಶುರುಮಾಡಿದ ಚೌಕಟ್ಟು ಅಂಗಳದಲ್ಲಿ ಬಹುಕಾಲ ಜಿಂಕೆ, ನವಿಲು ಓಡಾಡ್ತಿದ್ದವು. ಅಪಾಚೆ ಬುಡಕಟ್ಟಿನ ಗಂಡುಗಲಿ ಜೆರೊನಿಮೊನನ್ನು 1886ರಲ್ಲಿ ಸೆರೆ ಇಟ್ಟಿದ್ದೂ ಇಲ್ಲೇ.

ಆದರೆ ಈ ನೆಲೆ ಹೆಸರುವಾಸಿಯಾದದ್ದು ಗಾಯ ಕಟ್ಟೋ ವಿದ್ಯೆಯಿಂದ. 1946ರಲ್ಲಿ ಸೇನೆಯ ವೈದ್ಯಕೀಯ ತರಬೇತಿ ಶಾಲೆ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಿಂದ ಇಲ್ಲಿಗೆ ಬಂತು. ವಿಯೆಟ್ನಾಂ ಯುದ್ಧಕ್ಕೆ ಹೋದ ಶುಶ್ರೂಷಕ ಸಿಪಾಯಿಗಳು ಇಲ್ಲಿ ತಯಾರಾದರು. 2010ರಿಂದ ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರರವರೂ ಒಂದೇ ಆವರಣದಲ್ಲಿ ಕಲೀತಾರೆ.

ಇವರು ಡಾಕ್ಟರಲ್ಲ, ಹಲವರಿಗೆ ಮೀಸೆಯೂ ಸರಿಯಾಗಿ ಮೂಡಿರೋದಿಲ್ಲ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗುತ್ತೆ, ಹೆಲಿಕಾಪ್ಟರ್ ಬರೋತನಕ ಕಾಯೋ ಹಾಗಿಲ್ಲ. ಗಾಯದ ಮೇಲ್ಗಡೆ ಪಟ್ಟಿ ಬಿಗಿದು ರಕ್ತ ನಿಲ್ಲಿಸೋದು, ಉಸಿರಿನ ದಾರಿ ಬಿಡಿಸೋದು – ಇದು ಇವರ ಪಾಠ. ರಕ್ತ ನಿಲ್ಲಿಸೋದಂತೂ ಗುಂಡು ಹಾರುತ್ತಿರುವಾಗಲೇ!

ನೆಲೆಯೊಳಗಿನ ಬ್ರೂಕ್ ಆಸ್ಪತ್ರೆ ಸುಟ್ಟಗಾಯದ ಚಿಕಿತ್ಸೆಗೆ ಹೆಸರಾದದ್ದು. ಊರಲ್ಲಿ ಅಪಘಾತವಾಗಿ ಪ್ರಾಣಾಪಾಯದಲ್ಲಿರೋ ನಾಗರಿಕರನ್ನೂ ಇಲ್ಲಿಗೆ ತರ್ತಾರೆ. ಬರೀ ಧರ್ಮಕ್ಕಲ್ಲ ಬಿಡಿ: ಯುದ್ಧವಿಲ್ಲದ ಕಾಲದಲ್ಲೂ ಸೇನೆಯ ಡಾಕ್ಟರುಗಳ ಕೈ ಪಳಗಿರುತ್ತೆ.