ಡೇರೆಗೆ ಹೊರಟಾಗ ಅಮ್ಮನಿಗೂ ರಜೆ

ರಜ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ಹಾಡು: "ವಂಡರ್‌ಲಾಗೆ ಯಾವಾಗ ಹೋಗೋದು?" ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 28 ಕಿಲೋಮೀಟರ್ ದೂರದಲ್ಲಿ, ಬಿಡದಿಯ ಹತ್ತಿರ, 2005ರಲ್ಲಿ ಶುರುವಾದ ಈ ಆಟದ ತೋಟದ ಹೆಸರು ಕೇಳದ ಮಕ್ಕಳೇ ಇಲ್ಲ. ನಮ್ಮೂರು ತಿಪಟೂರು. ಒಂದೇ ದಿನದಲ್ಲಿ ಹೋಗಿ ಬರೋಣವೆಂದರೆ ಮಕ್ಕಳು ದಾರಿಯಲ್ಲೇ ಸುಸ್ತು. ಉಳಿಯೋಣವೆಂದರೆ ಏಳು ಜನಕ್ಕೆ ರೂಮಿನ ಬಾಡಿಗೆ ಕೈಗೆಟುಕುವಂಥದ್ದಲ್ಲ. ಹೀಗಾಗಿ ಮೂರು ವರ್ಷದ ಹಿಂದೆ ನಮ್ಮವರು, "ಡೇರೆ ಹಾಕಿ ಉಳಿಯೋಣ, ಅಡುಗೆ ಅಲ್ಲೇ ಮಾಡ್ಕೊಂಡ್ರಾಯ್ತು" ಅಂದರು. ಎಲ್ಲರೂ ಕುಣಿದರು. ನಾನೂ ಕುಣಿದೆ. ಅಡುಗೆ "ಮಾಡ್ಕೊಳ್ಳೋರು" ಯಾರು ಅಂತ ಮಾತ್ರ ಯಾರೂ ಕೇಳಲಿಲ್ಲ.

ಆಮೇಲೆ ಏನಾಯಿತೆಂದು ನೀವೇ ಊಹಿಸಿ. ನಾವು ಇಳಿದದ್ದು ಒಂದು ಕೆರೆಯ ಹತ್ತಿರದ ಶಿಬಿರದಲ್ಲಿ. ಬೆಳಗ್ಗೆ ಐದಕ್ಕೆ ಎದ್ದು ಒಲೆ ಹಚ್ಚಿದೆ. ಕಾಫಿ, ತಿಂಡಿ, ಪಾತ್ರೆ. ಅಷ್ಟರಲ್ಲಿ ಎಲ್ಲರೂ ಹೊರಟು ನಿಂತರು. "ಸಾಮಾನು ನೋಡ್ಕೊಳ್ಳೋಕೆ ಒಬ್ಬರು ಇರಬೇಕಲ್ಲ, ರಾತ್ರಿ ಅಡುಗೆನೂ ಆಗಬೇಕು" ಅಂತ ನಾನೇ ಹಿಂದುಳಿದೆ. ಸಂಜೆ ಒದ್ದೆ ತಲೆಯಲ್ಲಿ ಓಡಿಬಂದ ಮಗ, ಆಗ ಅವನಿಗೆ ಒಂಬತ್ತು ವರ್ಷ, ಸಾರಿನ ಪಾತ್ರೆಯಲ್ಲಿ ಇಣುಕಿ ಕೇಳಿದ: "ಅಮ್ಮಾ, ಅಡುಗೆ ಮಾಡೋಕಾದ್ರೆ ಮನೇಲೇ ಇರಬಹುದಿತ್ತಲ್ಲ, ಇಷ್ಟು ದೂರ ಯಾಕೆ ಬಂದೆ?"

ಮಗು ಕುಹಕದಿಂದ ಕೇಳಿದ ಮಾತಲ್ಲ ಅದು. ಅದಕ್ಕೇ ಜಾಸ್ತಿ ನೆಟ್ಟಿತು.

ಅದೇ ಮುಸ್ಸಂಜೆ ಇನ್ನೊಂದು ಘಟನೆ. ನಾನು ಅನ್ನ ಬಸಿಯುತ್ತಿದ್ದೆ. ಅವನು ಅಪ್ಪನ ಜೊತೆ ಇದ್ದಾನೆಂದು ನಾನು, ಅಜ್ಜಿಯ ಜೊತೆ ಇದ್ದಾನೆಂದು ಅಪ್ಪ, ನನ್ನ ಜೊತೆ ಇದ್ದಾನೆಂದು ಅಜ್ಜಿ. ಮೂವರೂ ನೆಮ್ಮದಿಯಾಗಿದ್ದೆವು. ಅವನು ಒಬ್ಬನೇ ನೀರಿನ ಅಂಚಿನಲ್ಲಿ ಕಲ್ಲು ಎಸೆಯುತ್ತ ನಿಂತಿದ್ದ. ನೋಡಿದ್ದು ನಾದಿನಿ. ಓಡಿಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಏನೂ ಆಗಲಿಲ್ಲ, ದೇವರ ದಯೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಲ್ಲರೂ ನೋಡ್ಕೊಳ್ತಾರೆ ಅಂದರೆ ಯಾರೂ ನೋಡ್ಕೊಳ್ಳೋದಿಲ್ಲ ಎಂಬುದು ಆಗ ತಿಳಿಯಿತು. ಎಲ್ಲ ಕೆಲಸವನ್ನೂ ಒಬ್ಬಳೇ ಹೊತ್ತುಕೊಂಡರೆ ಅವಳ ಕಣ್ಣು ಒಲೆಯ ಮೇಲಿರುತ್ತದೆಯೇ ಹೊರತು ಮಕ್ಕಳ ಮೇಲಲ್ಲ.

ಕಳೆದ ವರ್ಷ ಮತ್ತೆ ಹೋದೆವು. ಈ ಸಲ ಬೇರೆ ಥರ ಹೋದೆವು. ನಿಮಗೂ ಉಪಯೋಗಕ್ಕೆ ಬಂದೀತೆಂದು ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಪಟ್ಟಿ, ಆಮೇಲೆ ಸಾಮಾನು

ಹೊರಡುವ ವಾರ ಮೊದಲೇ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೆಲಸಗಳನ್ನೆಲ್ಲ ಬರೆದು, ಪ್ರತಿಯೊಂದರ ಎದುರಿಗೂ ಒಂದು ಹೆಸರು ಹಾಕಿ. ನೀರು ತರುವುದು, ಡೇರೆ ಕಟ್ಟುವುದು, ಪಾತ್ರೆ ತೊಳೆಯುವುದು, ಬೆಳಗಿನ ಕಾಫಿ, ಕಸದ ಚೀಲ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳನ್ನು ನೋಡಿಕೊಳ್ಳುವ ಸರದಿ. ಸರದಿಯಲ್ಲಿರುವವರು ಒಬ್ಬರೇ, ಅವರ ಕೈಯಲ್ಲಿ ಬೇರೆ ಕೆಲಸವಿರಬಾರದು, ಫೋನೂ ಇರಬಾರದು. ಸರದಿ ಬದಲಾಗುವಾಗ "ಇನ್ನು ನೀವು" ಎಂದು ಬಾಯಿಬಿಟ್ಟು ಹೇಳಬೇಕು. ನಮ್ಮವರು ಪಟ್ಟಿ ನೋಡಿ, "ಇದೇನು ಮಿಲಿಟರಿ ಕ್ಯಾಂಪಾ?" ಎಂದು ನಕ್ಕರು. ಅತ್ತೆ ಮಾತ್ರ, "ಕಾಫಿ ನನಗೆ ಬರಿ, ನಾನು ಹೇಗೂ ನಾಲ್ಕೂವರೆಗೆ ಏಳ್ತೀನಿ" ಅಂದರು. ಅಲ್ಲಿಗೆ ಯಾರ ತಕರಾರೂ ಉಳಿಯಲಿಲ್ಲ.

ಯಾವಾಗ, ಎಲ್ಲಿ?

ಈ ಕಡೆ ಡೇರೆ ವಾಸಕ್ಕೆ ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮುಂಜಾವದಲ್ಲಿ ಚಳಿ ಇರುತ್ತದೆ, ಸ್ವೆಟರು, ಟೋಪಿ ಬೇಕು. ಬೇಸಿಗೆ ರಜದಲ್ಲಿ ಹೋಗುವುದಾದರೆ ರಾಮನಗರ ಸುತ್ತಿನ ಬಂಡೆಗಳು ಹಗಲಿನ ಕಾವನ್ನು ಹೀರಿ ರಾತ್ರಿಯೆಲ್ಲ ಬಿಡುತ್ತಿರುತ್ತವೆ ಎಂಬುದು ನೆನಪಿರಲಿ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಳೆಯೂ ಬರುತ್ತದೆ. ಒಂಟಿ ಮರದ ಕೆಳಗೆ, ಹಳ್ಳದ ಪಾತ್ರದಲ್ಲಿ ಡೇರೆ ಬೇಡ. ಸಿಡಿಲು ಶುರುವಾದರೆ ಡೇರೆ ಬಿಟ್ಟು ಗಟ್ಟಿ ಕಟ್ಟಡಕ್ಕೋ, ವಾಹನದೊಳಕ್ಕೋ ಹೋಗಿ ಕೂರಿ.

ಕಂಡಕಂಡಲ್ಲಿ ಗೂಟ ಹೊಡೆಯುವಂತಿಲ್ಲ. ಚನ್ನಪಟ್ಟಣ, ಕನಕಪುರದ ಕಾಡಂಚಿನಲ್ಲಿ ಆನೆಗಳು ಓಡಾಡುತ್ತವೆ. ರಾಮನಗರದ ಬೆಟ್ಟಗಳಲ್ಲಿ ಕರಡಿ, ಚಿರತೆಗಳಿವೆ. ಅರಣ್ಯದಲ್ಲಿ ಅನುಮತಿಯಿಲ್ಲದೆ ರಾತ್ರಿ ಉಳಿಯುವುದು ಅಪರಾಧವೂ ಹೌದು. ಡೇರೆ, ಶೌಚಾಲಯ, ಕಾವಲು ಎಲ್ಲ ಇರುವ ಖಾಸಗಿ ಶಿಬಿರಗಳನ್ನೇ ಆರಿಸಿ. ಫೋನು ಮಾಡಿದಾಗ ನಾಲ್ಕು ಪ್ರಶ್ನೆ ಕೇಳಿ: ಹೆಂಗಸರಿಗೆ ಬೇರೆ ಶೌಚಾಲಯ, ಅದಕ್ಕೆ ಚಿಲಕ, ದೀಪ ಇದೆಯೇ? ಕುಡಿಯುವ ನೀರು ಎಲ್ಲಿಯದು? ಕೆರೆ, ಹೊಳೆ ಎಷ್ಟು ದೂರ, ಬೇಲಿ ಇದೆಯೇ? ರಾತ್ರಿ ಕಾವಲಿಗೆ ಯಾರಿರುತ್ತಾರೆ? ಇದಕ್ಕೆಲ್ಲ ನೇರ ಉತ್ತರ ಕೊಡದ ಜಾಗ ಎಷ್ಟೇ ಅಗ್ಗವಾದರೂ ಬೇಡ.

ತಿಪಟೂರು, ತುಮಕೂರು ಕಡೆಯವರು ಕುಣಿಗಲ್, ಮಾಗಡಿ ಮೇಲೆ ಬಿಡದಿಗೆ ಬರಬಹುದು. 2023ರಲ್ಲಿ ಶುರುವಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ದಾಟಿಹೋಗುತ್ತದೆ. ಬಿಡದಿಯ ತಟ್ಟೆ ಇಡ್ಲಿ ತಿನ್ನಬೇಕಾದರೆ ಹಳೆಯ ರಸ್ತೆಗೇ ಇಳಿಯಬೇಕು. ಹೇಗೆ ಬಂದರೂ ಮಧ್ಯಾಹ್ನ ಮೂರರೊಳಗೆ ಶಿಬಿರ ಸೇರಿ. ಕತ್ತಲಲ್ಲಿ ಡೇರೆ ಕಟ್ಟಿದವರಿಗೆ ಗಂಡ-ಹೆಂಡಿರ ಜಗಳ ಖಾತ್ರಿ.

ನೀರು, ಬೆಂಕಿ, ಹುಳ-ಹುಪ್ಪಟೆ

ಅರ್ಕಾವತಿಯ ಮಂಚನಬೆಲೆ ಜಲಾಶಯ ನೋಡಲು ಶಾಂತ. ಆದರೆ ಅಲ್ಲಿ ಮುಳುಗಿ ಪ್ರಾಣ ಕಳಕೊಂಡವರು ಅನೇಕ. ಮೊಣಕಾಲುದ್ದ ನೀರು ಎರಡು ಹೆಜ್ಜೆಗೆ ಆಳವಾಗುವುದುಂಟು. ಜಲಾಶಯ, ಕೆರೆ, ಹೊಳೆ, ಯಾವುದಕ್ಕೂ ಮಕ್ಕಳೂ ಇಳಿಯಬಾರದು, ಈಜು ಬರುತ್ತದೆಂದು ಗಂಡಸರೂ ಇಳಿಯಬಾರದು. ನೀರಾಟದ ಆಸೆಯಿದ್ದರೆ ಕಾವಲಿನವರಿರುವ ವಂಡರ್‌ಲಾದ ಕೊಳಗಳಿವೆಯಲ್ಲ!

ಡೇರೆಯೊಳಗೆ ಒಲೆ, ಇದ್ದಿಲ ಅಗ್ಗಿಷ್ಟಿಕೆ ಯಾವುದನ್ನೂ ಇಡಬೇಡಿ. ಚಳಿಗೆಂದು ಇದ್ದಿಲು ಹಚ್ಚಿ ಮಲಗಿದರೆ ವಾಸನೆಯೇ ಇಲ್ಲದ ವಿಷಗಾಳಿ ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಒಲೆ ಡೇರೆಯಿಂದ ಹತ್ತು ಹೆಜ್ಜೆ ದೂರ, ಗಾಳಿ ಹೋಗುವ ದಿಕ್ಕಿನ ಕಡೆ ಇರಲಿ. ಪಕ್ಕದಲ್ಲಿ ಒಂದು ಬಕೆಟ್ ನೀರು.

ಡೇರೆಯ ಬಾಗಿಲು ಸದಾ ಮುಚ್ಚಿರಲಿ. ಬೆಳಗ್ಗೆ ಚಪ್ಪಲಿ, ಬೂಟು ಕೊಡವಿಯೇ ಹಾಕಿಕೊಳ್ಳಿ, ಚೇಳು ಸೇರಿಕೊಂಡಿರಬಹುದು. ಕತ್ತಲಲ್ಲಿ ಟಾರ್ಚ್ ಇಲ್ಲದೆ ಕಾಲಿಡಬೇಡಿ. ಆಹಾರವನ್ನು ಡಬ್ಬಿಗಳಲ್ಲಿ ಮುಚ್ಚಿಡಿ, ಇಲ್ಲವಾದರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಲ್ಲಿ ಹೀರುವುದು ಬೇಡವೇ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಬುಲೆನ್ಸಿಗೆ 108, ತುರ್ತು ಸಹಾಯಕ್ಕೆ 112. ಇವೆರಡನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಬಿಸಿಲಿಗೆ ವಾಂತಿ, ಭೇದಿ ಆದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ.

ಅಡುಗೆ ಮನೆಯಲ್ಲೇ ಮುಗಿಸಿ

ಮೊದಲ ಸಲ ನಾನು ಮಾಡಿದ ತಪ್ಪೆಂದರೆ ಮನೆಯ ಊಟವನ್ನೇ ಅಲ್ಲಿಯೂ ಬಡಿಸಹೊರಟದ್ದು. ಅನ್ನ, ಸಾರು, ಪಲ್ಯ, ಹಪ್ಪಳ. ಎರಡು ದಿನ ಹುಳಿ ಇಲ್ಲದಿದ್ದರೆ ಯಾರೂ ಸೊರಗುವುದಿಲ್ಲ. ಈಗ ಪುಳಿಯೋಗರೆ ಗೊಜ್ಜು, ನಮ್ಮೂರ ಕೊಬ್ಬರಿ ಹಾಕಿದ ಚಟ್ನಿಪುಡಿ, ಚಪಾತಿ, ಅವಲಕ್ಕಿ, ಹುರಿಗಡಲೆ, ಬಾಳೆಹಣ್ಣು ಇಷ್ಟೇ ಒಯ್ಯುತ್ತೇನೆ. ಜೊತೆಗೆ ಈ ದಿಢೀರ್ ಉಪ್ಪಿಟ್ಟು:

*ಬೇಕಾಗುವ ಸಾಮಾನು:* ಬನ್ಸಿ ರವೆ ಅರ್ಧ ಕೆಜಿ, ಎಣ್ಣೆ ಆರು ದೊಡ್ಡ ಚಮಚ, ಸಾಸಿವೆ, ಜೀರಿಗೆ ಒಂದೊಂದು ಚಮಚ, ಕಡಲೆಬೇಳೆ, ಉದ್ದಿನಬೇಳೆ ಎರಡೆರಡು ಚಮಚ, ಒಣಮೆಣಸಿನಕಾಯಿ ಎಂಟು, ಕರಿಬೇವು ಎರಡು ಹಿಡಿ, ಇಂಗು, ರುಚಿಗೆ ಉಪ್ಪು.

*ಮಾಡುವ ರೀತಿ:* ಕರಿಬೇವನ್ನು ತೊಳೆದು ಬಟ್ಟೆಯಲ್ಲಿ ಒರಸಿ ಪೂರಾ ಆರಿಸಿಕೊಳ್ಳಿ. ಎಣ್ಣೆ ಕಾಯಿಸಿ ಒಗ್ಗರಣೆ ಹಾಕಿ, ಕರಿಬೇವು ಗರಿಗರಿಯಾಗುವವರೆಗೆ ಹುರಿಯಿರಿ. ರವೆ ಹಾಕಿ ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಉಪ್ಪು ಬೆರೆಸಿ, ಪೂರಾ ತಣ್ಣಗಾದ ಮೇಲೆ ಡಬ್ಬಿಗೆ ತುಂಬಿ. ಈರುಳ್ಳಿ, ಹಸಿಮೆಣಸಿನಕಾಯಿ ಹಾಕಬೇಡಿ, ಕೆಡುತ್ತದೆ. ಶಿಬಿರದಲ್ಲಿ ಒಂದು ಲೋಟ ಮಿಶ್ರಣಕ್ಕೆ ಎರಡೂವರೆ ಲೋಟ ಕುದಿಯುವ ನೀರು ಹಾಕಿ ಕಲಕಿ, ಐದು ನಿಮಿಷ ಮುಚ್ಚಿಟ್ಟರೆ ಉಪ್ಪಿಟ್ಟು ಸಿದ್ಧ. ಮೇಲೆ ನಿಂಬೆರಸ. ನಮ್ಮವರೇ ಮಾಡಿದರು ಅಂದಮೇಲೆ ಯಾರು ಬೇಕಾದರೂ ಮಾಡಬಹುದು!

ಆಟದ ದಿನ

ಹೊರಗಿನ ತಿಂಡಿಯನ್ನು ವಂಡರ್‌ಲಾದ ಒಳಗೆ ಬಿಡುವುದಿಲ್ಲ. ಆದ್ದರಿಂದ ಬೆಳಗ್ಗೆ ಹೊಟ್ಟೆತುಂಬ ತಿಂದೇ ಹೊರಡಿ, ಮಧ್ಯಾಹ್ನದ ಊಟದ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ವಾರದ ನಡುವಿನ ದಿನ ಹೋದರೆ ನೂಕುನುಗ್ಗಲು ಕಡಿಮೆ. ಆಟಕ್ಕೆ ಹತ್ತಿಸುವುದು ಮಕ್ಕಳ ಎತ್ತರ ನೋಡಿ, ವಯಸ್ಸು ನೋಡಿ ಅಲ್ಲ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು, "ಇದಕ್ಕೆ ಬಿಡದೇ ಇರಬಹುದು" ಎಂದು ಮೊದಲೇ ಹೇಳಿಬಿಡಿ, ಅಲ್ಲಿ ಅಳು ತಪ್ಪುತ್ತದೆ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಜೋರಿನ ಆಟಗಳ ಕಡೆ ಹೋಗಬಾರದು.

ನೀರಿನ ಆಟಗಳಿಗೆ ಸೀರೆ, ಚೂಡಿದಾರ್, ಹತ್ತಿ ಬಟ್ಟೆ ನಡೆಯುವುದಿಲ್ಲ. ನೈಲಾನ್ ಥರದ ಉಡುಪು ಬೇಕು. ನಮ್ಮ ಬಹಳಷ್ಟು ಹೆಂಗಸರು "ನಮಗ್ಯಾಕೆ ಅದೆಲ್ಲ" ಎಂದು ದಂಡೆಯಲ್ಲಿ ಚೀಲ ಕಾಯುವುದು ಇದೇ ಕಾರಣಕ್ಕೆ. ಪೂರ್ತಿ ತೋಳು, ಪೂರ್ತಿ ಕಾಲು ಮುಚ್ಚುವ ಈಜುಡುಪು ಈಗ ಸಿಗುತ್ತದೆ. ಮಕ್ಕಳಿಗೆ ತರುವಾಗ ನಿಮಗೂ ಒಂದು ತನ್ನಿ. ಚೀಲ ಕಾಯುವುದಕ್ಕೆ ಅಲ್ಲಿ ಲಾಕರ್ ಇದೆ.

ಮೂರನೆಯ ದಿನ, ನಿಧಾನವಾಗಿ

ಹೊರಡುವ ದಿನ ಅವಸರ ಬೇಡ. ರಾಮನಗರದ ಆಚೆ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಬೀಸುಕಲ್ಲು, ಒರಳು, ತೊಗಲುಗೊಂಬೆ ನೋಡುತ್ತ ಅತ್ತೆ ಮಕ್ಕಳಿಗೆ ಎರಡು ಗಂಟೆ ಕಥೆ ಹೇಳಿದರು. 1975ರ 'ಶೋಲೆ' ಚಿತ್ರ ತೆಗೆದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಲ್ಲಿ ಗಲಾಟೆ, ಪ್ಲಾಸ್ಟಿಕ್ಕು ಕೂಡದು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಮರದ ಗೊಂಬೆ ಒಂದಾದರೂ ಕೊಳ್ಳಿ. ಕಸವನ್ನೆಲ್ಲ ಕಟ್ಟಿ ವಾಪಸು ತನ್ನಿ.

ಅಂದ ಹಾಗೆ, ಎರಡನೆಯ ಸಲ ನಾನೂ ಅಲೆಯ ಕೊಳಕ್ಕೆ ಇಳಿದೆ. ನಲವತ್ತೊಂದನೆಯ ವಯಸ್ಸಿನಲ್ಲಿ! ಮೊದಲ ಅಲೆಗೆ ಕಿರುಚಿಕೊಂಡೆ. ಮಗ ನನ್ನ ಕೈ ಬಿಗಿಯಾಗಿ ಹಿಡಿದು, "ಹೆದರ್ಕೋಬೇಡಮ್ಮಾ, ಈಗ ನನ್ನ ಸರದಿ, ನಾನು ನೋಡ್ಕೊಳ್ತೀನಿ" ಅಂದ. ನಡುಗುತ್ತ ಮೇಲೆ ಬಂದು ಚೀಲ ತಡಕಿದರೆ ಅತ್ತೆಗೆ, ನಮ್ಮವರಿಗೆ, ಮಕ್ಕಳಿಗೆ, ನಾದಿನಿಯ ಸಂಸಾರಕ್ಕೆ ಎಲ್ಲರಿಗೂ ಟವೆಲ್ ಇದೆ, ನನಗೊಂದು ಇಟ್ಟುಕೊಂಡೇ ಇಲ್ಲ. ಪಟ್ಟಿ ಮಾಡಿದವಳು ನಾನೇ!

ಆದ್ದರಿಂದ, ನೀವು ಪಟ್ಟಿ ಬರೆಯುವಾಗ ಟವೆಲ್‌ಗಳನ್ನು ಇನ್ನೊಂದು ಸಲ ಎಣಿಸಿ. ನಿಮ್ಮದೂ ಒಂದು ಇರಲಿ.