ಹಳೆಯ ಕಾರು: ಗುಜರಿಗೋ, ಗ್ಯಾರೇಜಿಗೋ?

ಅಂಗಳದ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತ ಹಳೆಯ ಫಿಯೆಟ್ ಕಾರು ಪತಿಯ ಪಾಲಿಗೆ ತಂದೆಯ ನೆನಪು. ನಿಮ್ಮ ಪಾಲಿಗೆ ಬರೀ ಜಾಗ ನುಂಗುವ ಕಬ್ಬಿಣ. ಗುಜರಿಯವನನ್ನು ಕರೆಯುವ ಮುನ್ನ, ಹಾಗೆಯೇ ಪತಿ ಗ್ಯಾರೇಜಿಗೆ ಮುಂಗಡ ಕೊಡುವ ಮುನ್ನ, ಇಬ್ಬರೂ ಕುಳಿತು ಒಮ್ಮೆ ಲೆಕ್ಕ ಹಾಕುವುದು ಒಳ್ಳೆಯದು.

ಇಟಲಿಯ ಫಿಯೆಟ್ 1100 ಕಾರನ್ನು ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪೆನಿ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ 'ಪದ್ಮಿನಿ' ಎಂಬ ಹೆಸರು ಬಂತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಳ ಕಾಲ ದುಡಿದ ಅದು 2023ರಲ್ಲಿ ಆ ಕೆಲಸದಿಂದ ನಿವೃತ್ತಿಯಾಯಿತು. ಅದರ ಒಡನಾಡಿ ಅಂಬಾಸಿಡರ್‌ನ ತಯಾರಿಕೆ 2014ರಲ್ಲೇ ನಿಂತಿತ್ತು.

ಈ ಕಾರುಗಳನ್ನು ರಿಪೇರಿ ಮಾಡುವುದು ಹವ್ಯಾಸವಾಗಿ ಬೆಳೆಯಲು ಒಂದು ಕಾರಣವಿದೆ. ಇವುಗಳಲ್ಲಿ ಕಂಪ್ಯೂಟರ್ ಇಲ್ಲ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಕಾರ್ಬ್ಯುರೇಟರ್ ಇದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅದು ಎಂದು ಮಕ್ಕಳಿಗೆ ಬೆರಳಿಟ್ಟು ತೋರಿಸಬಹುದು. ಗಂಡುಮಕ್ಕಳಿಗೆ ಮಾತ್ರವಲ್ಲ, ಹೆಣ್ಣುಮಕ್ಕಳ ಕೈಗೂ ಸ್ಪ್ಯಾನರ್ ಕೊಡಿ.

ಆದರೆ ಹೆಚ್ಚಿನವರು ಮೊದಲು ಪೈಂಟಿಂಗ್‌ಗೆ ಹಣ ಸುರಿಯುತ್ತಾರೆ. ಅದು ಕೊನೆಯ ಕೆಲಸ. ಮೊದಲು ಬ್ರೇಕ್ ನೋಡಿಸಿ. ವರ್ಷಗಟ್ಟಲೆ ನಿಂತ ಕಾರಿನ ಬ್ರೇಕ್‌ನಲ್ಲಿರುವ ರಬ್ಬರ್ ಗಟ್ಟಿಯಾಗಿ ಎಣ್ಣೆ ಸೋರುತ್ತದೆ. ಅನಂತರ ಪೆಟ್ರೋಲ್ ಪೈಪು. ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಪೈಪುಗಳು ಬೇಗ ಹಾಳಾಗುತ್ತವೆ. ಸೋರಿದರೆ ಬೆಂಕಿಯ ಅಪಾಯ. ಮೂರನೆಯದು ವಯರಿಂಗ್. ಬಳಿಕ ತುಕ್ಕು. ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತ ಕಾರಾದರೆ ಕಾಲಡಿಯ ಮ್ಯಾಟ್ ಎತ್ತಿ ನೋಡಲೇಬೇಕು. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಎರಡು ಮಳೆಗಾಲದಲ್ಲಿ ಹಣ ನೀರುಪಾಲು.

ಮನೆಯಲ್ಲಿ ಎರಡು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಿ. ಬರೀ ಜಾಕ್ ಮೇಲೆ ನಿಂತ ಕಾರಿನಡಿಗೆ ಯಾರೂ ನುಸುಳಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಬಾರದು; ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ.

ಕಾಗದಪತ್ರಗಳನ್ನೂ ಮರೆಯಬೇಡಿ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು ನವೀಕರಿಸಬೇಕು. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲ ರೂಪ ಬದಲಾಗದ ಕಾರನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಆದರೆ ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂತಹ ಉದ್ದೇಶಗಳಿಗಷ್ಟೇ ರಸ್ತೆಗಿಳಿಸಬಹುದು. ದಿನನಿತ್ಯ ಮಕ್ಕಳನ್ನು ಶಾಲೆಗೆ ಬಿಡಲು ಅದು ಆಗದು.

ಇನ್ನು ಹಣದ ಮಾತು. ಗ್ಯಾರೇಜಿನ ಬಿಲ್ಲು ಒಮ್ಮೆಗೇ ಬರುವುದಿಲ್ಲ, ಕಂತು ಕಂತಾಗಿ ಬರುತ್ತದೆ. ಆದ್ದರಿಂದಲೇ ಅದು ಮಕ್ಕಳ ಫೀಸನ್ನೂ ನಿಮ್ಮ ಉಳಿತಾಯವನ್ನೂ ಸದ್ದಿಲ್ಲದೆ ತಿನ್ನಬಲ್ಲದು. ತಿಂಗಳಿಗೆ ಇಷ್ಟೇ ಎಂದು ಮೊದಲೇ ನಿಗದಿಪಡಿಸಿ, ಪ್ರತಿ ಬಿಲ್ಲನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಸಾಲ ಮಾಡಿ ಹವ್ಯಾಸ ಬೇಡ. ಕೆಲಸ ನಿಧಾನವಾದರೂ ಚಿಂತೆಯಿಲ್ಲ. ಹತ್ತು ವರ್ಷ ನಿಂತಿದ್ದ ಕಾರು ಇನ್ನೊಂದು ವರ್ಷ ಕಾಯಬಲ್ಲದು. ಮಕ್ಕಳ ಫೀಸು ಕಾಯುವುದಿಲ್ಲ.